ಗೂಟ, ತಿರುಪು, ಗಡ್ಡೆ: ನೆಲವೇ ಕಲಿಸಿದ ಬುನಾದಿಗಳು

ಕಟ್ಟಡ ನಿರ್ಮಾಣದ ಪಠ್ಯಪುಸ್ತಕಗಳು ಪೈಲ್ ಬುನಾದಿಯ ಅಧ್ಯಾಯವನ್ನು ಒಂದು ವಿಂಗಡಣೆಯಿಂದ ಆರಂಭಿಸುತ್ತವೆ. ಆಳದ ಗಟ್ಟಿ ಪದರದ ಮೇಲೆ ತುದಿಯೂರಿ ನಿಲ್ಲುವ ಪೈಲ್ ಒಂದು ಬಗೆ, ಸುತ್ತಲಿನ ಮಣ್ಣು ಮೈಯನ್ನು ಹಿಡಿದುಕೊಂಡಿರುವ ಬಲದಿಂದಲೇ ನಿಲ್ಲುವ ಪೈಲ್ ಇನ್ನೊಂದು ಬಗೆ. ಬಡಿದು ಇಳಿಸಿದ್ದು ಒಂದು, ಕೊರೆದು ತುಂಬಿದ್ದು ಇನ್ನೊಂದು. ಮರದ್ದು, ಕಬ್ಬಿಣದ್ದು, ಕಾಂಕ್ರೀಟಿನದು ಎಂದು ಮತ್ತೆ ಮೂರು. ಯಾರೋ ಒಬ್ಬ ಇಂಜಿನಿಯರು ಮೇಜಿನ ಮುಂದೆ ಕುಳಿತು ಇವನ್ನೆಲ್ಲ ಒಂದೇ ಸಲಕ್ಕೆ ಯೋಚಿಸಿ ಕಪಾಟಿನ ಗೂಡುಗಳಲ್ಲಿ ಜೋಡಿಸಿಟ್ಟನೇನೋ ಎಂಬಷ್ಟು ಈ ಪಟ್ಟಿ ಅಚ್ಚುಕಟ್ಟಾಗಿದೆ. ಆದರೆ ಇವುಗಳ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ತಿಳಿಯುವುದು ಬೇರೆ ಸಂಗತಿ: ಒಂದೊಂದು ಬಗೆಯೂ ಒಂದೊಂದು ಊರಿನ ನೆಲ ಕೊಟ್ಟ ಕಾಟದಿಂದ ಹುಟ್ಟಿದ್ದು, ಆ ಊರಿನ ಕೆಲಸಗಾರರ ಕೈಯಲ್ಲಿ ಪಳಗಿದ್ದು, ಹೆಸರು ಮತ್ತು ಸಿದ್ಧಾಂತ ಅದಕ್ಕೆ ಬಂದದ್ದು ಬಹಳ ತಡವಾಗಿ.

ಕನ್ನಡದಲ್ಲಿ ಬುನಾದಿ, ತಳಪಾಯ, ಅಡಿಪಾಯ, ಅಸ್ತಿಭಾರ ಎಂದು ಹಲವು ಮಾತುಗಳಿದ್ದರೂ ಪೈಲ್ ಎಂಬುದಕ್ಕೆ ಕೆಲಸದ ಜಾಗದಲ್ಲಿ ಸಲೀಸಾಗಿ ಬಳಕೆಯಾಗುವ ಪದವಿಲ್ಲ. ಹತ್ತಿರ ಬರುವುದು ಗೂಟವೊಂದೇ. ಇದನ್ನು ಭಾಷೆಯ ಬಡತನವೆನ್ನುವುದಕ್ಕಿಂತ ನೆಲದ ಸಿರಿವಂತಿಕೆಯೆನ್ನುವುದೇ ಸರಿ. ನಾಲ್ಕಾರು ಅಡಿ ಅಗೆಯುವಷ್ಟರಲ್ಲಿ ಗರಸೋ ಬಂಡೆಯೋ ಸಿಗುವ ದಖ್ಖನಿನ ಹೆಚ್ಚಿನ ಭಾಗದಲ್ಲಿ ಗುಡಿ, ಕೋಟೆ, ಮನೆಗಳನ್ನು ಕಟ್ಟಿದವರಿಗೆ ಸೈಜುಗಲ್ಲು ತುಂಬಿದ ಪಾಯವೇ ಸಾಕಾಗುತ್ತಿತ್ತು. ಭಾರವನ್ನು ಮೇಲ್ಪದರದ ಮೆತ್ತನೆಯ ಮಣ್ಣಿನಿಂದ ದಾಟಿಸಿ ಕೆಳಕ್ಕೆ ಒಯ್ಯುವ ನೀಳವಾದ ಕಂಬ ಬೇಕಾದದ್ದು ಕೆಸರಿನ ಮೇಲೆ, ಹಿನ್ನೀರಿನ ಅಂಚಿನಲ್ಲಿ, ನದಿಯ ಮುಖದಲ್ಲಿ ಬದುಕಬೇಕಾದವರಿಗೆ.

ಅಂಥವರಲ್ಲಿ ರೋಮನ್ನರ ಬರಹ ಉಳಿದಿದೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್, ಗಟ್ಟಿ ನೆಲ ಸಿಗದ ಜವುಗು ಜಾಗದಲ್ಲಿ ಮೇಲಿನ ಕೆಸರನ್ನು ತೆಗೆದುಹಾಕಿ, ಆಲ್ಡರ್, ಆಲಿವ್ ಅಥವಾ ಓಕ್ ಮರದ ಗೂಟಗಳನ್ನು ಸುಟ್ಟು ಕರಿಕು ಮಾಡಿ ಒತ್ತೊತ್ತಾಗಿ ಬಡಿದು, ನಡುವಣ ಸಂದುಗಳಿಗೆ ಇದ್ದಿಲನ್ನು ತುಂಬಬೇಕೆಂದು ವಿಧಿಸುತ್ತಾನೆ. ನೀರಿನ ಬದಿಯಲ್ಲಿ ಬೆಳೆಯುವ ಆಲ್ಡರ್ ನೆಲದ ಮೇಲೆ ಬೇಗ ಹಾಳಾಗುವ ಸಾಧಾರಣ ಮರ. ಆದರೆ ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಹೂತರೆ ಅದು ಕೊಳೆಯದೆ ಭಾರ ಹೊರುತ್ತದೆಂದು, ಜವುಗು ನೆಲದ ರಾವೆನ್ನಾ ಪಟ್ಟಣದ ಕಟ್ಟಡಗಳೆಲ್ಲ ಅದರ ಮೇಲೆಯೇ ನಿಂತಿವೆಯೆಂದು ಆತ ಬರೆದಿರುವುದು, ಈ ವಿದ್ಯೆ ಆಗಲೇ ಹಳೆಯದಾಗಿತ್ತೆಂಬುದನ್ನು ತೋರಿಸುತ್ತದೆ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ನೀರಿನ ಜತೆಗೆ ಗಾಳಿಯೂ ಬೇಕು; ಅಂತರ್ಜಲದ ಮಟ್ಟದಿಂದ ಕೆಳಗೆ ಗಾಳಿಯಿಲ್ಲದಿರುವುದರಿಂದ ಶಿಲೀಂಧ್ರಕ್ಕೆ ಅಲ್ಲಿ ಬಾಳುವೆಯಿಲ್ಲ. ಕಾರಣ ತಿಳಿಯದಿದ್ದರೂ ಫಲ ತಿಳಿದಿದ್ದ ಈ ಒಂದು ನಿಯಮದ ಮೇಲೆ ಯೂರೋಪಿನ ಎರಡು ದೊಡ್ಡ ನಗರಗಳು ಎದ್ದು ನಿಂತವು, ಮತ್ತು ಆ ಎರಡೂ ನಗರಗಳು ಒಂದೇ ಮರದ ಗೂಟವನ್ನು ಎರಡು ಬೇರೆ ಬೇರೆ ಅರ್ಥದಲ್ಲಿ ಬಳಸಿದವು.

ವೆನಿಸ್ ನಗರದ ಅಡಿಯಲ್ಲಿರುವುದು ಹಿನ್ನೀರಿನ ಹೂಳು, ಜೇಡಿ ಮತ್ತು ಮರಳಿನ ಪದರಗಳು. ಅಲ್ಲಿನ ಗೂಟಗಳು ಬಹುಮಟ್ಟಿಗೆ ಮೋಟು. ಮನುಷ್ಯನ ಎತ್ತರದಿಂದ ಹಿಡಿದು ಅದರ ಎರಡರಷ್ಟು ಉದ್ದದವರೆಗೆ ಇರುವ ಅವು ಆಳದ ಬಂಡೆಯನ್ನು ಮುಟ್ಟುವ ಮಾತೇ ಇರಲಿಲ್ಲ. ಕಟ್ಟಡದ ಗೋಡೆ ಬರುವ ಜಾಗದಲ್ಲಿ ಹೊರಗಿನ ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಗೂಟಗಳನ್ನು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಬಡಿಯುತ್ತಿದ್ದುದರಿಂದ, ನಡುವಿನ ಮಣ್ಣು ಹೊರಕ್ಕೆ ಜಾರಲು ದಾರಿಯಿಲ್ಲದೆ ತನ್ನೊಳಗೇ ಬಿಗಿದುಕೊಳ್ಳುತ್ತಿತ್ತು. ಮೂಟೆಗೆ ಇನ್ನಷ್ಟು ಕಾಳು ತುರುಕಿದರೆ ಅದು ಕಲ್ಲಿನಂತಾಗುವ ಹಾಗೆ, ಮರ ಮತ್ತು ಜೇಡಿ ಎರಡೂ ಕೂಡಿ ಒಂದು ದಪ್ಪ ಹಾಸಾಗುತ್ತಿತ್ತು. ಅದರ ಮೇಲೆ ಲಾರ್ಚ್ ಮರದ ಹಲಗೆಗಳ ಅಡ್ಡ ಹಾಸು, ಅದರ ಮೇಲೆ ನೀರು ಹೀರದ ಇಸ್ಟ್ರಿಯಾದ ಬಿಳಿಗಲ್ಲು, ಅದರ ಮೇಲೆ ಇಟ್ಟಿಗೆಯ ಗೋಡೆ. 1588ರಿಂದ 1591ರ ವರೆಗೆ ಆಂತೋನಿಯೊ ದ ಪೊಂತೆ ಕಟ್ಟಿದ ರಿಯಾಲ್ತೊ ಸೇತುವೆಯ ಎರಡು ದಡಗಳಲ್ಲಿ ತಲಾ ಆರು ಸಾವಿರದಂತೆ ಸುಮಾರು 12,000 ಗೂಟಗಳಿವೆ. ಕಮಾನು ಹೊರಕ್ಕೆ ಒದೆಯುವ ಬಲವನ್ನು ತಡೆಯಲು ಅವನ್ನು ಮೆಟ್ಟಿಲು ಮೆಟ್ಟಿಲಾಗಿ ಬಡಿಯಲಾಯಿತು. 1631ರಲ್ಲಿ ಆರಂಭವಾದ ಸಾಂತಾ ಮರಿಯಾ ದೆಲ್ಲಾ ಸಲೂತೆ ಚರ್ಚಿನ ಅಡಿಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ಗೂಟಗಳಿವೆಯೆಂಬುದು ಪರಂಪರೆಯ ಲೆಕ್ಕ. ಸಂತ ಮಾರ್ಕನ ಚೌಕದ ಗಂಟೆಗೋಪುರ 1902ರ ಜುಲೈ 14ರಂದು ಕುಸಿದು ರಾಶಿಯಾದಾಗ ಮೊದಲ ಗುಮಾನಿ ಬುನಾದಿಯ ಮೇಲೆ ಹೋದರೂ, ಅಗೆದು ನೋಡಿದವರಿಗೆ ಹಳೆಯ ಗೂಟಗಳು ಗಟ್ಟಿಮುಟ್ಟಾಗಿಯೇ ಸಿಕ್ಕವು. ಅವನ್ನು ಉಳಿಸಿಕೊಂಡು, ಸುತ್ತಲೂ ಸುಮಾರು ಮೂರು ಸಾವಿರ ಲಾರ್ಚ್ ಗೂಟಗಳನ್ನು ಹೊಸದಾಗಿ ಬಡಿದು, 1912ರಲ್ಲಿ ಅದೇ ಜಾಗದಲ್ಲಿ ಅದೇ ರೂಪದ ಗೋಪುರವನ್ನು ಮತ್ತೆ ನಿಲ್ಲಿಸಲಾಯಿತು.

ಆಮ್‌ಸ್ಟರ್‌ಡಾಮಿನ ನೆಲದ ಸ್ವಭಾವ ಬೇರೆ. ಅಲ್ಲಿ ಮೇಲ್ಗಡೆ ಇರುವುದು ಹಿಸುಕಿದರೆ ನೀರಿಳಿಯುವ ಪೀಟ್ ಎಂಬ ಕೊಳೆತ ಸಸ್ಯಗಳ ಮಣ್ಣು ಮತ್ತು ಮೆತ್ತನೆಯ ಜೇಡಿ; ಸುಮಾರು ಹನ್ನೆರಡು ಮೀಟರ್ ಕೆಳಗೆ ಮೊದಲ ಮರಳಿನ ಪದರ ಸಿಗುತ್ತದೆ. ಪೀಟನ್ನು ಎಷ್ಟು ಬಿಗಿದರೂ ಅದು ಬಿಗಿಯುವಂಥದ್ದಲ್ಲವಾದ್ದರಿಂದ, ಡಚ್ಚರು ನೆಲವನ್ನು ಗಟ್ಟಿ ಮಾಡುವ ಆಸೆಯನ್ನೇ ಬಿಟ್ಟು, ನಾರ್ವೆ ಮತ್ತು ಬಾಲ್ಟಿಕ್ ಕಡಲತೀರಗಳಿಂದ ಹಡಗಿನಲ್ಲಿ ತರಿಸಿದ ನೀಳ ಮರಗಳನ್ನು ತಲೆಕೆಳಗಾಗಿ, ಸಪೂರ ತುದಿ ಕೆಳಗೆ ಬರುವಂತೆ ಆ ಮರಳಿನವರೆಗೆ ಇಳಿಸಿದರು. ಗೋಡೆಯ ಉದ್ದಕ್ಕೂ ಎರಡೆರಡು ಗೂಟಗಳ ಜೋಡಿ, ಪ್ರತಿ ಜೋಡಿಯ ತಲೆಯ ಮೇಲೆ ಒಂದು ಅಡ್ಡ ತೊಲೆ, ತೊಲೆಗಳ ಮೇಲೆ ಉದ್ದ ಹಲಗೆ: ಇದಕ್ಕೆ ಇಂದಿಗೂ ಆಮ್‌ಸ್ಟರ್‌ಡಾಮ್ ಪದ್ಧತಿಯೆಂದೇ ಹೆಸರಿದ್ದು, ಒಂದೇ ಸಾಲಿನ ಗೂಟಗಳನ್ನು ಬಳಸುವುದು ರಾಟರ್‌ಡಾಮ್ ಪದ್ಧತಿ ಎನಿಸಿಕೊಂಡಿದೆ. ಮರದ ತುದಿಗಳ ಮೇಲೆ ಕಾಗೆಗಳಂತೆ ವಾಸಿಸುವ ಜನರ ಊರೊಂದನ್ನು ತಾನು ಬಲ್ಲೆನೆಂದು ಎರಾಸ್ಮಸ್ ಹಾಸ್ಯ ಮಾಡಿದನೆಂಬ ಪ್ರತೀತಿ ಹುಟ್ಟಿದ್ದು ಈ ಊರಿನ ಬಗ್ಗೆ. 1648ರಲ್ಲಿ ಆರಂಭವಾಗಿ, ಯಾಕೋಬ್ ಫಾನ್ ಕಾಂಪೆನ್‌ನ ವಿನ್ಯಾಸದಂತೆ ಎದ್ದ ನಗರಸಭಾ ಭವನದ, ಎಂದರೆ ಇಂದಿನ ಅರಮನೆಯ, ಅಡಿಯಲ್ಲಿ 13,659 ಗೂಟಗಳಿವೆ. ವರ್ಷದ ದಿನಗಳ ಸಂಖ್ಯೆಯ ಹಿಂದೆ ಒಂದನ್ನು, ಮುಂದೆ ಒಂಬತ್ತನ್ನು ಇಟ್ಟರೆ ಈ ಲೆಕ್ಕ ಸಿಗುತ್ತದೆಂದು ಅಲ್ಲಿನ ಶಾಲೆಯ ಮಕ್ಕಳಿಗೆ ಹೇಳಿಕೊಡುವ ಪದ್ಧತಿಯಿರುವುದರಿಂದ, ಒಂದು ಬುನಾದಿಯ ಅಂಕಿ ಇಡೀ ನಾಡಿಗೇ ಬಾಯಿಪಾಠವಾಗಿದೆ.

ಮಣ್ಣಿನ ಹಿಡಿತದಿಂದ ನಿಲ್ಲುವ ಪೈಲ್ ಮತ್ತು ತುದಿಯೂರಿ ನಿಲ್ಲುವ ಪೈಲ್ ಎಂಬ ಭೇದ ಪುಸ್ತಕಕ್ಕೆ ಬರುವುದಕ್ಕಿಂತ ಬಹಳ ಹಿಂದೆಯೇ ಹೀಗೆ ಎರಡು ಊರುಗಳಲ್ಲಿ ಹೂತು ಹೋಗಿತ್ತು. ಎರಡಕ್ಕೂ ಅವುಗಳದೇ ಆದ ರೋಗಗಳೂ ಇದ್ದವು. ಆಮ್‌ಸ್ಟರ್‌ಡಾಮಿನಲ್ಲಿ ಮೇಲಿನ ಪೀಟ್ ಪದರ ಕಾಲಕ್ರಮೇಣ ಕುಗ್ಗುತ್ತ ಬಂದಾಗ ಅದು ಗೂಟದ ಮೈಗೆ ಅಂಟಿಕೊಂಡು ಗೂಟವನ್ನೂ ತನ್ನೊಡನೆ ಕೆಳಕ್ಕೆ ಎಳೆಯುತ್ತದೆ. ಹೊರೆ ಹೊರಬೇಕಾದ ಮಣ್ಣೇ ಹೊರೆಯಾಗುವ ಈ ವಿಪರೀತಕ್ಕೆ ಋಣ ಘರ್ಷಣೆ ಎಂದು ಹೆಸರು. ಅಂತರ್ಜಲವನ್ನು ಹೆಚ್ಚು ಎತ್ತಿದ ಕಡೆಗಳಲ್ಲಿ ಗೂಟದ ತಲೆ ಗಾಳಿಗೆ ತೆರೆದುಕೊಂಡು ಶಿಲೀಂಧ್ರಕ್ಕೆ ತುತ್ತಾದರೆ, ಪೂರ್ತಿ ನೀರಿನಲ್ಲೇ ಉಳಿದ ಪೈನ್ ಗೂಟಗಳನ್ನೂ ಒಂದು ಜಾತಿಯ ಬ್ಯಾಕ್ಟೀರಿಯಾ ನಿಧಾನವಾಗಿ ಮೆದುವಾಗಿಸುತ್ತದೆಂದು ಈಚಿನ ಪರೀಕ್ಷೆಗಳು ತೋರಿಸಿವೆ. ನೀರಿನಲ್ಲಿದ್ದ ಮರಕ್ಕೆ ಸಾವಿಲ್ಲವೆಂಬ, ವಿಟ್ರೂವಿಯಸ್‌ನಿಂದ ಬಂದ ನಂಬಿಕೆ ಮುಕ್ಕಾಲು ಪಾಲು ಮಾತ್ರ ನಿಜ.

ಗೂಟ ಬಡಿಯುವ ಕೆಲಸದ ಚರಿತ್ರೆ ಬಹುಕಾಲ ಹಗ್ಗದ ಚರಿತ್ರೆಯೇ ಆಗಿತ್ತು. ಎತ್ತರದ ಚೌಕಟ್ಟಿನ ತುದಿಯಲ್ಲಿ ಒಂದು ರಾಟೆ, ಅದರ ಮೇಲಿಂದ ಇಳಿಬಿದ್ದ ದಪ್ಪ ಹಗ್ಗದ ಒಂದು ತುದಿಗೆ ಭಾರದ ದಿಮ್ಮಿ, ಇನ್ನೊಂದು ತುದಿಗೆ ಕವಲೊಡೆದ ಹತ್ತಾರು ಸಣ್ಣ ಹಗ್ಗಗಳು, ಒಂದೊಂದು ಹಗ್ಗಕ್ಕೆ ಒಬ್ಬ ಆಳು. ಹಾಲೆಂಡಿನಲ್ಲಿ ಮೂವತ್ತು ನಲವತ್ತು ಮಂದಿ ಒಟ್ಟಿಗೆ ಎಳೆದು ಒಟ್ಟಿಗೆ ಕೈಬಿಡಬೇಕಾಗಿದ್ದುದರಿಂದ, ಒಬ್ಬ ಮುಂದಾಳು ಸೊಲ್ಲು ಹೇಳುವುದು, ಉಳಿದವರು ಅದಕ್ಕೆ ದನಿಗೂಡಿಸಿ ಎಳೆಯುವುದು ಕೆಲಸದ ಅಂಗವೇ ಆಗಿತ್ತು. ಗೂಟ ಬಡಿಯುವವರ ಹಾಡು ವೆನಿಸಿನಲ್ಲೂ ಒಂದು ಪ್ರತ್ಯೇಕ ಪ್ರಕಾರವಾಗಿ ಉಳಿದಿದೆ. ತೇರಿನ ಮಿಣಿ ಹಿಡಿದು ಕೂಗುವವರಿಗೂ ದೋಣಿಗೆ ಹುಟ್ಟು ಹಾಕುತ್ತ ಹೈಲೆಸಾ ಎನ್ನುವವರಿಗೂ ಈ ಲೆಕ್ಕ ಹೊಸದೇನಲ್ಲ. ಹಾಡು ನಿಂತದ್ದು ಆವಿಯ ಸುತ್ತಿಗೆ ಬಂದಾಗ. ಸ್ಕಾಟ್ಲೆಂಡಿನ ಜೇಮ್ಸ್ ನ್ಯಾಸ್ಮಿತ್ ತನ್ನ ಆವಿ ಸುತ್ತಿಗೆಯನ್ನು ಗೂಟದ ತಲೆಯ ಮೇಲೆಯೇ ಕೂರಿಸಿ, 1845ರ ಸುಮಾರಿಗೆ ಡೆವನ್‌ಪೋರ್ಟ್ ನೌಕಾನೆಲೆಯ ಕಾಮಗಾರಿಯಲ್ಲಿ ಹಳೆಯ ಯಂತ್ರದೊಡನೆ ಪಂದ್ಯಕ್ಕಿಳಿಸಿದನು. ಎಪ್ಪತ್ತು ಅಡಿಯ ಒಂದೇ ಅಳತೆಯ ಎರಡು ಗೂಟಗಳಲ್ಲಿ ತನ್ನದು ನಾಲ್ಕೂವರೆ ನಿಮಿಷದಲ್ಲಿ ಇಳಿದರೆ ಕೈಕೆಲಸದವರದು ಇಳಿಯಲು ಹನ್ನೆರಡು ಗಂಟೆ ಬೇಕಾಯಿತೆಂದು ಆತ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಗೆದ್ದವನೇ ಬರೆದ ವರದಿಯೆಂಬುದನ್ನು ಗಮನದಲ್ಲಿಟ್ಟರೂ ಅಂತರ ದೊಡ್ಡದೇ. ಭಾರವಾದ ಸುತ್ತಿಗೆ ಎತ್ತರದಿಂದ ಬಿದ್ದು ಗೂಟದ ತಲೆಯನ್ನು ಸೀಳುವ ಬದಲು, ಕಡಿಮೆ ಎತ್ತರದಿಂದ ಎಡೆಬಿಡದೆ ಬಡಿದರೆ ಸುತ್ತಲಿನ ಮಣ್ಣಿಗೆ ಮತ್ತೆ ಕಚ್ಚಿಕೊಳ್ಳಲು ಪುರುಸೊತ್ತಿರುವುದಿಲ್ಲವೆಂಬುದು ಇದರ ಗುಟ್ಟು.

ಗೂಟ ಎಷ್ಟು ಭಾರ ಹೊರಬಲ್ಲದೆಂಬ ಪ್ರಶ್ನೆಗೆ ಹಳೆಯ ಮೇಸ್ತ್ರಿಗಳ ಉತ್ತರ ಸರಳ: ಇಂತಿಷ್ಟು ಪೆಟ್ಟಿಗೂ ಅದು ಅಲುಗದಿದ್ದರೆ ಸಾಕು. ಅಮೆರಿಕದ ಎ. ಎಂ. ವೆಲಿಂಗ್ಟನ್ 1888ರಲ್ಲಿ ಪ್ರಕಟಿಸಿದ, ಆತ ಸಂಪಾದಿಸುತ್ತಿದ್ದ ಪತ್ರಿಕೆಯ ಹೆಸರಿನಿಂದಲೇ ಎಂಜಿನಿಯರಿಂಗ್ ನ್ಯೂಸ್ ಸೂತ್ರವೆಂದು ಕರೆಸಿಕೊಂಡ ಸಮೀಕರಣ ಈ ಅನುಭವಕ್ಕೇ ತೊಡಿಸಿದ ಗಣಿತದ ಅಂಗಿ. ಸುತ್ತಿಗೆಯ ತೂಕವನ್ನು ಬೀಳುವ ಎತ್ತರದಿಂದ ಗುಣಿಸಿ, ಕೊನೆಯ ಪೆಟ್ಟಿಗೆ ಗೂಟ ಇಳಿದ ದೂರದಿಂದ ಭಾಗಿಸಿ, ಆರು ಪಟ್ಟು ಸುರಕ್ಷೆಯ ಅಂಚನ್ನು ಬಿಟ್ಟು ಅದು ಹೊರೆಯನ್ನು ಹೇಳುತ್ತಿತ್ತು. ಮಣ್ಣನ್ನೇ ಪರೀಕ್ಷಿಸಿ ಹೊರೆ ನಿರ್ಧರಿಸುವ ಶಾಸ್ತ್ರ, ಕಾರ್ಲ್ ಟೆರ್ಜಾಘಿಯ ಗ್ರಂಥ 1925ರಲ್ಲಿ ಹೊರಬಂದ ಮೇಲಷ್ಟೇ ನೆಲೆಗೊಂಡಿತು.

ಮರದ ಗೂಟಕ್ಕೆ ಸೋಲಾದದ್ದು ತೆರೆದ ಕಡಲಿನಲ್ಲಿ. ಮಣ್ಣಿನೊಳಗೆ ಶತಮಾನಗಳ ಕಾಲ ಬಾಳುವ ಮರ ಉಪ್ಪುನೀರಿಗೆ ತೆರೆದುಕೊಂಡರೆ ಹಡಗುಹುಳು ಅದನ್ನು ಕೆಲವೇ ವರ್ಷಗಳಲ್ಲಿ ಜರಡಿ ಮಾಡುತ್ತದೆ. 1730ರ ದಶಕದಲ್ಲಿ ಹಾಲೆಂಡಿನ ಕಡಲಕಟ್ಟೆಗಳ ಮರವನ್ನು ಈ ಹುಳು ತಿಂದುಹಾಕಿ ದೇಶವನ್ನೇ ನಡುಗಿಸಿತ್ತು. ಹೊಯ್ಗೆಯ ದಿಬ್ಬಗಳ ಮೇಲೆ ದೀಪಸ್ತಂಭ ನಿಲ್ಲಿಸಬೇಕಾಗಿದ್ದವರಿಗೆ ದಾರಿ ತೋರಿಸಿದವನು ಬೆಲ್‌ಫಾಸ್ಟಿನಲ್ಲಿ ಇಟ್ಟಿಗೆ ಮಾಡಿಸುತ್ತಿದ್ದ ಅಲೆಕ್ಸಾಂಡರ್ ಮಿಚೆಲ್. ಯೌವನದಲ್ಲೇ ಕಣ್ಣು ಕಳೆದುಕೊಂಡಿದ್ದ ಈತ 1833ರಲ್ಲಿ ಹಕ್ಕುಪತ್ರ ಪಡೆದ ತಿರುಪಿನ ಪೈಲನ್ನು ಬಡಿಯುವ ಅಗತ್ಯವೇ ಇರಲಿಲ್ಲ. ಕಬ್ಬಿಣದ ಕಂಬದ ಬುಡಕ್ಕೆ ಅಗಲವಾದ ತಿರುಪಿನ ರೆಕ್ಕೆಯನ್ನು ಕೂರಿಸಿ, ತೆಪ್ಪದ ಮೇಲೆ ನಿಂತ ಆಳುಗಳು ಗಾಣದೆತ್ತಿನಂತೆ ಸುತ್ತು ಬರುತ್ತ ಅದನ್ನು ತಿರುಗಿಸಿದರೆ ಕಂಬ ಮರಳೊಳಕ್ಕೆ ತಾನಾಗಿ ಇಳಿಯುತ್ತಿತ್ತು. ಇಳಿದ ಮೇಲೆ ಅದೇ ರೆಕ್ಕೆ ಭಾರವನ್ನು ಹರಡುವ ಪಾದವಾಗುತ್ತಿತ್ತು, ಅಲೆ ಎತ್ತಿ ಕಿತ್ತರೆ ಹಿಡಿದಿಡುವ ಲಂಗರೂ ಆಗುತ್ತಿತ್ತು. ಥೇಮ್ಸ್ ನದಿಯ ಮುಖದ ಮ್ಯಾಪ್ಲಿನ್ ದಿಬ್ಬದಲ್ಲಿ 1838ರಲ್ಲಿ ಇಂಥ ಒಂಬತ್ತು ಕಂಬಗಳನ್ನು ನಾಲ್ಕು ಅಡಿ ಅಗಲದ ತಿರುಪುಗಳ ಮೇಲೆ ಇಳಿಸಲಾಯಿತು. ಈ ವಿದ್ಯೆ ಭಾರತಕ್ಕೆ ಬೇಗನೆ ಬಂತು: ಮದರಾಸಿನಲ್ಲಿ ಅಲೆಗಳ ಮೇಲೆ ಚಾಚಿದ ಕಬ್ಬಿಣದ ಕಟ್ಟೆಗೂ, ಬೊಂಬಾಯಿ-ಬರೋಡಾ ರೈಲುಮಾರ್ಗದ ಹಳ್ಳಹೊಳೆಗಳ ಸೇತುವೆಗಳಿಗೂ, ತಂತಿ ಟಪಾಲಿನ ಕಂಬಗಳಿಗೂ ಮಿಚೆಲ್‌ನ ತಿರುಪೇ ಬುಡವಾಯಿತು.

ಆದರೆ ಉತ್ತರ ಭಾರತದ ದೊಡ್ಡ ನದಿಗಳಲ್ಲಿ ಹೊರಗಿನಿಂದ ಬಂದ ವಿದ್ಯೆಗಿಂತ ಮನೆಯ ವಿದ್ಯೆಯೇ ಮೇಲಾಯಿತು. ಮರಳಿನಲ್ಲಿ ಬಾವಿ ತೋಡುವವರು ಮರದ ಬಳೆಯೊಂದನ್ನು ನೆಲದ ಮೇಲಿಟ್ಟು, ಅದರ ಮೇಲೆ ಇಟ್ಟಿಗೆಯ ದುಂಡು ಗೋಡೆ ಏರಿಸುತ್ತ, ಒಳಗಿನ ಮರಳನ್ನು ಮೊಗೆದು ತೆಗೆಯುತ್ತ ಹೋದರೆ ಗೋಡೆ ತನ್ನ ಭಾರದಿಂದಲೇ ಇಳಿಯುತ್ತದೆ. ಬೇಕಾದ ಆಳ ಸಿಕ್ಕಿದ ಮೇಲೆ ಒಳಗನ್ನು ಕಲ್ಲುಗಾರೆಯಿಂದ ತುಂಬಿಬಿಟ್ಟರೆ ಬಾವಿಯೇ ಕಂಬವಾಗುತ್ತದೆ. ತಾಜಮಹಲಿನ ಯಮುನೆಯ ಕಡೆಯ ಅಂಚು ನಿಂತಿರುವುದು ಇಂಥ ಬಾವಿಗಳ ಮೇಲೆ. 1854ರಲ್ಲಿ ನೀರು ಹರಿದ ಗಂಗಾ ಕಾಲುವೆಯನ್ನು ರೂರ್ಕಿಯ ಬಳಿ ಸೋಲಾನಿ ನದಿಯ ಮೇಲಿಂದ ದಾಟಿಸಬೇಕಾದಾಗ ಪ್ರಾಬಿ ಕಾಟ್ಲಿಯೂ ಈ ವಿಧಾನವನ್ನೇ ನೆಚ್ಚಿದನು. ವಸಾಹತು ಕಾಲದ ಇಂಜಿನಿಯರುಗಳು ಊರಿನ ಕೆಲಸಗಾರರಿಂದ ಕಲಿತದ್ದನ್ನು ಒಪ್ಪಿಕೊಂಡ ಅಪರೂಪದ ಪ್ರಸಂಗಗಳಲ್ಲಿ ಇದೊಂದು. ಬಾವಿಯ ಮರದ ಬಳೆಗೆ ನೀಮ್‌ಚಕ್ ಎಂದೂ ಮರಳು ಬಾಚುವ ಸಲಿಕೆಗೆ ಝಾಮ್ ಎಂದೂ ಅವರ ಇಂಗ್ಲಿಷ್ ವರದಿಗಳಲ್ಲೇ ಉಳಿದುಕೊಂಡಿರುವ ಮಾತುಗಳು ಅದಕ್ಕೆ ಸಾಕ್ಷಿ.

ಕಾಂಕ್ರೀಟ್ ಬಂದ ಮೇಲೆ ಬಗೆಗಳು ಬೇಗಬೇಗ ಹೆಚ್ಚಿದವು. 1890ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಎನ್ನೆಬಿಕ್ ಉಕ್ಕಿನ ಸರಳು ಹೊಕ್ಕ ಕಾಂಕ್ರೀಟ್ ಗೂಟವನ್ನು ಮೊದಲೇ ಎರಕ ಹೊಯ್ದು ಬಡಿಯತೊಡಗಿದನು. ಅದೇ ಹೊತ್ತಿಗೆ ಷಿಕಾಗೋದ ರೇಮಂಡ್ ತಗಡಿನ ಕೋಶವನ್ನು ಬಡಿದು ಅದರೊಳಗೆ ಕಾಂಕ್ರೀಟ್ ತುಂಬುವ ದಾರಿ ಹಿಡಿದನು. 1909ರಲ್ಲಿ ಬೆಲ್ಜಿಯಮ್ಮಿನ ಫ್ರಾಂಕಿನ್ಯೂಲ್ ಕೊಳವೆಯ ತಳದಲ್ಲಿ ಕಾಂಕ್ರೀಟನ್ನು ಕುಟ್ಟಿ ಅದು ಮಣ್ಣಿನಲ್ಲಿ ಉಬ್ಬುವಂತೆ ಮಾಡಿ, ಬುಡ ದಪ್ಪಗಿರುವ ಪೈಲನ್ನು ತಂದನು. ನಗರಗಳು ಒತ್ತಾದಂತೆ ಬಡಿತದ ಅದುರು ನೆರೆಮನೆಗಳಿಗೆ ಅಪಾಯವಾಗಿ ಕೊರೆದು ತುಂಬುವ ಪದ್ಧತಿಗೆ ಬೆಲೆ ಬಂತು. ಕೊರೆದ ಗುಂಡಿಯ ಗೋಡೆ ಕುಸಿಯದಂತೆ ಅದರಲ್ಲಿ ಬೆಂಟೊನೈಟ್ ಎಂಬ ಜೇಡಿಯ ಗಂಜಿಯನ್ನು ತುಂಬಿಟ್ಟು, ತಳದಿಂದ ಕಾಂಕ್ರೀಟ್ ಸುರಿಯುತ್ತ ಗಂಜಿಯನ್ನು ಮೇಲಕ್ಕೆ ದಬ್ಬುವುದು ಇಪ್ಪತ್ತನೆಯ ಶತಮಾನದ ನಡುವಿನಿಂದ ರೂಢಿಯಾಯಿತು. ಬೆಂಗಳೂರಿನ ಮೆಟ್ರೊ ಕಂಬಗಳಿಗೆ ಕೊರೆಯುವುದನ್ನು ನೋಡಿದವರಿಗೆ ಈ ಬಗೆ ಪರಿಚಿತ.

ಆ ಬೆಂಟೊನೈಟಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಉತ್ತರ ಕರ್ನಾಟಕದ ಎರೆಮಣ್ಣಿಗೆ ಅದರ ಗುಣವನ್ನು ಕೊಟ್ಟಿರುವುದೂ ಅದೇ ಬಳಗದ ಜೇಡಿ. ಒಂದು ಕಡೆ ಗುಂಡಿಯನ್ನು ಕಾಯುವ ಈ ಖನಿಜ ಇನ್ನೊಂದು ಕಡೆ ಮನೆಯನ್ನು ಒಡೆಯುತ್ತದೆ. ಇದರ ಕಣಗಳು ಹಾಳೆಯ ಮೇಲೆ ಹಾಳೆ ಪೇರಿಸಿದಂತಿದ್ದು, ಮಳೆಗಾಲದಲ್ಲಿ ಹಾಳೆಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಆ ನೀರು ಆರಿ ಕುಗ್ಗುತ್ತದೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿ, ರಾಯಚೂರುಗಳ ಎರೆಹೊಲದಲ್ಲಿ ಚೈತ್ರ ವೈಶಾಖದ ಹೊತ್ತಿಗೆ ಕೈಕೋಲು ಇಳಿಬಿಟ್ಟರೆ ತಳ ಸಿಗದ ಬಿರುಕುಗಳು ಬಾಯ್ತೆರೆಯುವುದು ಇದರಿಂದಲೇ. ಹಿಂಗಾರಿ ಜೋಳಕ್ಕೂ ಹತ್ತಿಗೂ ಕಡಲೆಗೂ ತೇವ ಹಿಡಿದಿಟ್ಟುಕೊಡುವ ಗುಣವೇ ಮನೆ ಕಟ್ಟುವವನಿಗೆ ಶತ್ರುವಾಗುತ್ತದೆ: ಮನೆಯ ನಡುಭಾಗದ ಅಡಿಯಲ್ಲಿ ತೇವ ಉಳಿದು ಅಂಚಿನಲ್ಲಿ ಆರುವುದರಿಂದ ನೆಲ ಒಂದೇ ಸಮನಾಗಿ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ, ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಪ್ರತಿವರ್ಷ ಮುಚ್ಚಿ ಪ್ರತಿವರ್ಷ ತೆರೆಯುತ್ತದೆ. ತೊಲೆ ಜಂತಿಗಳ ಭಾರವನ್ನು ಮರದ ಕಂಬಗಳ ಮೇಲೆ ಇಳಿಸುತ್ತಿದ್ದ ಹಳೆಯ ಮಣ್ಣಿನ ಮಾಳಿಗೆ ಮನೆ ಗೋಡೆ ಬಿರಿದರೂ ತಾಳಿಕೊಳ್ಳುತ್ತಿತ್ತು, ಬಿರಿದಲ್ಲಿಗೆ ಮತ್ತೆ ಮಣ್ಣು ಮೆತ್ತಿದರೆ ಮುಗಿಯಿತು. ಸಿಮೆಂಟಿನಲ್ಲಿ ಬಿಗಿದ ಇಟ್ಟಿಗೆ ಗೋಡೆಗೆ ಆ ಸೈರಣೆಯಿಲ್ಲ. ಎರೆ ಕಿತ್ತು ಗರಸು ತುಂಬುವುದು ರೂಢಿಯ ಮದ್ದು. ಎರೆಯ ಪದರ ಆಳವಿದ್ದ ಕಡೆ ಅದು ದುಬಾರಿಯೂ ಹೌದು, ಅರೆಬರೆಯೂ ಹೌದು.

ಈ ನೆಲಕ್ಕೆ ಒಪ್ಪುವ ಪೈಲನ್ನು ಭಾರತದಲ್ಲಿ ರೂಪಿಸಿದ್ದು, 1947ರಲ್ಲಿ ಆರಂಭವಾದ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಬುಡ ಅಗಲಿಸಿದ ಕಂಬಗಳನ್ನು ಟೆಕ್ಸಾಸಿನ ಉಬ್ಬುವ ಜೇಡಿಯಲ್ಲೂ ಬಳಸುತ್ತಿದ್ದರು. ರೂರ್ಕಿಯವರ ಹೆಚ್ಚುಗಾರಿಕೆ ಅದನ್ನು ದೊಡ್ಡ ಯಂತ್ರವಿಲ್ಲದ ಊರಿನ ಕೈಗೆ ಒಗ್ಗಿಸಿದ್ದು. 1950ರ ದಶಕದಿಂದ ಬೆಳೆದ ಈ ಅಂಡರ್‌ರೀಮ್ಡ್ ಪೈಲ್, ಎಂದರೆ ಬುಡದಲ್ಲಿ ಗಡ್ಡೆಯಿರುವ ಪೈಲ್, ಒಂದು ಸರಳ ಅವಲೋಕನದ ಮೇಲೆ ನಿಂತಿದೆ: ಋತುಮಾನದ ಒದ್ದೆ ಒಣಗು ಸುಮಾರು ಮೂರೂವರೆ ಮೀಟರ್ ಆಳದವರೆಗೆ ಮಾತ್ರ ತಲುಪುತ್ತದೆ, ಅದರ ಕೆಳಗಿನ ಎರೆ ವರ್ಷವಿಡೀ ಒಂದೇ ಸ್ಥಿತಿಯಲ್ಲಿರುತ್ತದೆ. ಅಲ್ಲಿಯವರೆಗೆ ಸಪೂರ ಗುಂಡಿ ಕೊರೆದು, ತಳದಲ್ಲಿ ಗುಂಡಿಯ ಅಗಲದ ಎರಡರಿಂದ ಮೂರು ಪಟ್ಟು, ಸಾಮಾನ್ಯವಾಗಿ ಎರಡೂವರೆ ಪಟ್ಟು, ಅಗಲದ ಗಡ್ಡೆಯನ್ನು ಬಿಡಿಸಿ ಕಾಂಕ್ರೀಟ್ ತುಂಬಿದರೆ, ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎತ್ತಲು ಹೊರಟಾಗ ಗಡ್ಡೆ ಲಂಗರಿನಂತೆ ಹಿಡಿಯುತ್ತದೆ. ಮಿಚೆಲ್ ಕಡಲ ಮರಳಿಗೆ ಕಂಡುಕೊಂಡ ಉಪಾಯ ಎರೆಮಣ್ಣಿನಲ್ಲಿ ಇನ್ನೊಂದು ರೂಪದಲ್ಲಿ ಮರಳಿ ಬಂದಂತಾಯಿತು. ಭಾರ ಹೆಚ್ಚಿದ್ದರೆ ಕಂಬದ ಉದ್ದವನ್ನು ಬೆಳೆಸದೆ ಇನ್ನೊಂದು ಗಡ್ಡೆಯನ್ನು ಮೇಲೆ ಪೋಣಿಸುವುದೂ ಉಂಟು.

ಸಲಕರಣೆಯೂ ನೆಲಕ್ಕೆ ತಕ್ಕಂತೆಯೇ ಇದೆ. ಮೊದಲು ಬೈರಿಗೆಯಂಥ ಸುರುಳಿ ಕೊರೆಯನ್ನು ಇಬ್ಬರು ಮೂವರು ಅಡ್ಡಹಿಡಿಕೆ ಹಿಡಿದು ತಿರುಗಿಸುತ್ತಾರೆ. ಜಿಗುಟು ಎರೆ ಅದಕ್ಕೆ ಸುತ್ತಿಕೊಂಡು ಮೇಲೆ ಬರುತ್ತದೆ, ಅದನ್ನು ಕೆರೆದು ತೆಗೆದು ಮತ್ತೆ ಇಳಿಸುತ್ತಾರೆ. ಆಳ ಸಿಕ್ಕಿದ ಮೇಲೆ ಗಡ್ಡೆ ಕೊರೆಯುವ ಉಪಕರಣ ಇಳಿಯುತ್ತದೆ. ಅದರ ಮಡಿಚಿದ ಎರಡು ಅಲಗುಗಳು ಹಿಡಿಕೆಯನ್ನು ಕೆಳಕ್ಕೆ ಒತ್ತಿದಂತೆ ಛತ್ರಿಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುತ್ತ ಗುಂಡಿಯ ಪಕ್ಕವನ್ನು ಕೆತ್ತುತ್ತವೆ. ಕೆತ್ತಿದ ಮಣ್ಣು ಕೆಳಗಿರುವ ಬಕೆಟ್ಟಿಗೆ ಬೀಳುತ್ತದೆ. ಬಕೆಟ್ಟು ತುಂಬಿದಾಗ ಹಿಡಿಕೆಯನ್ನು ಎತ್ತಿದರೆ ಅಲಗುಗಳು ಮಡಿಚಿಕೊಂಡು ಉಪಕರಣ ಸಪೂರ ಗುಂಡಿಯಿಂದ ಸಲೀಸಾಗಿ ಹೊರಬರುತ್ತದೆ. ಹಿಡಿಕೆ ಪೂರ್ತಿ ಕೆಳಗಿಳಿದು ನಿಂತಿತೆಂದರೆ ಯಾರೂ ಕಣ್ಣಾರೆ ಕಾಣಲಾಗದ ಆ ಗಡ್ಡೆಯ ಅಳತೆ ಮುಟ್ಟಿತೆಂದು ಅರ್ಥ. ಬಳಿಕ ಸರಳಿನ ಪಂಜರ, ಅದರ ಮೇಲೆ ಕಾಂಕ್ರೀಟ್.

ಪೈಲುಗಳ ತಲೆಗಳನ್ನು ಜೋಡಿಸುವ ತೊಲೆಯ ಮೇಲೆ ಗೋಡೆ ಏಳುತ್ತದೆ. ಭಾರತೀಯ ಮಾನಕ 2911ರ ಮೂರನೆಯ ಭಾಗ, 1980ರ ಪರಿಷ್ಕರಣೆಯಲ್ಲಿ, ಎರೆಯಂಥ ಉಬ್ಬುವ ನೆಲದಲ್ಲಿ ಈ ತೊಲೆ ಮಣ್ಣನ್ನು ಮುಟ್ಟಬಾರದೆಂದೂ ಎರಡರ ನಡುವೆ ಕನಿಷ್ಠ 80 ಮಿಲಿಮೀಟರ್ ತೆರವಿರಬೇಕೆಂದೂ ಹೇಳುತ್ತದೆ. ಮುಂಗಾರಿನಲ್ಲಿ ಉಬ್ಬಿದ ಎರೆ ಏಳಲು ಇರುವ ಜಾಗ ಅದು. ಹೊರಗಿನಿಂದ ನೋಡಿದರೆ ಮನೆಯ ಕೆಳಗೆ ಉದ್ದಕ್ಕೂ ಒಂದು ಸಂದು ಬಿಟ್ಟುಹೋದಂತೆ, ಕೆಲಸ ಅರ್ಧಕ್ಕೆ ನಿಂತಂತೆ ಕಾಣುವುದರಿಂದ, ಹಾವು ಇಲಿ ಹೊಕ್ಕಾವೆಂದೋ ನೋಟಕ್ಕೆ ಚೆನ್ನಾಗಿಲ್ಲವೆಂದೋ ಅದಕ್ಕೆ ಮಣ್ಣು ಗಿಡಿದು ಮುಚ್ಚುವ ಮನಸ್ಸಾಗುವುದು ಸಹಜ. ಮುಚ್ಚಿದ ಮೊದಲ ಮಳೆಗಾಲದಲ್ಲೇ ಎರೆ ತೊಲೆಯನ್ನು ಕೆಳಗಿನಿಂದ ಎತ್ತತೊಡಗುತ್ತದೆ. ಮೂರೂವರೆ ಮೀಟರ್ ಕೆಳಗೆ ಗಡ್ಡೆಗಳು ಕಚ್ಚಿ ಹಿಡಿದಿರುತ್ತವೆ, ನಡುವೆ ಸಿಕ್ಕ ತೊಲೆ ಬೆನ್ನು ಬಾಗಿಸುತ್ತದೆ, ಮತ್ತು ಕಿಟಕಿಯ ಮೂಲೆಯಲ್ಲಿ ಅದೇ ಹಳೆಯ ಓರೆ ಬಿರುಕು ಕಾಣಿಸಿಕೊಳ್ಳುತ್ತದೆ.